ಗಿಟಾರ್ ಪಿಕಪ್ ಬದಲಿಸುವ ಮೊದಲು: ಓಮ್‌ಗಿಂತ ಮುಖ್ಯವಾದ ಲೆಕ್ಕಗಳು

ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕ್ಯಾಸ್ಟರ್) ಮಾದರಿಯ ಅಗ್ಗದ ಎಲೆಕ್ಟ್ರಿಕ್ ಗಿಟಾರ್ ಕೊಂಡವರು ಕೈ ಸ್ವಲ್ಪ ಪಳಗಿದ ಮೇಲೆ ಪಿಕಪ್ ಬದಲಿಸುವ ಯೋಚನೆ ಮಾಡುತ್ತಾರೆ. ಕ್ಲೀನ್ ಸದ್ದು ಮಂಕಾಗಿದೆ, ಡಿಸ್ಟಾರ್ಶನ್ ಹಾಕಿದರೆ ಸ್ವರಗಳು ಕಲಸಿಹೋಗುತ್ತವೆ, ನುಡಿಸದೆ ಇದ್ದಾಗಲೂ ಗುಂಯ್‌ಗುಡುತ್ತದೆ. ದೂರು ಹೆಚ್ಚಾಗಿ ಈ ಮೂರರಲ್ಲಿ ಒಂದು. ಮೂರಕ್ಕೂ ಕಾರಣ ಬೇರೆ ಬೇರೆ, ಮೂರಕ್ಕೂ ಹೊಸ ಪಿಕಪ್ಪೇ ಮದ್ದಲ್ಲ. ಸ್ಟ್ರಿಂಗಿನ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಪಿಕಪ್ ಬಹಳ ಸರಳವಾದ ಸಾಮಾನು: ಅಯಸ್ಕಾಂತ, ಅದರ ಸುತ್ತ 0.063 ಮಿ.ಮೀ. ದಪ್ಪದ ಎನಾಮಲ್ ಲೇಪಿತ ತಾಮ್ರದ ತಂತಿಯ ಕೆಲವು ಸಾವಿರ ಸುತ್ತು, ಹೊರಗೆ ಬರುವ ಎರಡು ಅಥವಾ ನಾಲ್ಕು ವೈರು. ಹೆಸರಾಂತ ಬ್ರ್ಯಾಂಡಿನದಕ್ಕೂ ಅಗ್ಗದ್ದಕ್ಕೂ ಬೆಲೆಯಲ್ಲಿ ಐದಾರು ಪಟ್ಟು ವ್ಯತ್ಯಾಸವಿರಬಹುದು, ಆದರೆ ಸುತ್ತು, ಅಯಸ್ಕಾಂತ, ಕಟ್ಟಿದ ಬಗೆ ಒಂದೇ ಆಗಿದ್ದರೆ ಸದ್ದಿನಲ್ಲಿ ಅಷ್ಟು ಪಟ್ಟು ವ್ಯತ್ಯಾಸ ಇರುವುದಿಲ್ಲ. ದುಡ್ಡು ವ್ಯರ್ಥವಾಗುವುದು ಅಗ್ಗದ ಪಿಕಪ್ ಕೊಂಡಾಗಲ್ಲ, ತಪ್ಪು ಪಿಕಪ್ ಕೊಂಡಾಗ.

ಖರ್ಚಿಲ್ಲದ ಪರೀಕ್ಷೆ ಮೊದಲು

ಕೈಗೆತ್ತಿಕೊಳ್ಳಬೇಕಾದ ಮೊದಲ ಉಪಕರಣ ಸ್ಕ್ರೂಡ್ರೈವರ್. ಪಿಕಪ್‌ನ ಎರಡು ಬದಿಯ ಸ್ಕ್ರೂ ತಿರುಗಿಸಿದರೆ ಅದು ಏಳುತ್ತದೆ, ಇಳಿಯುತ್ತದೆ. ಕೊನೆಯ ಫ್ರೆಟ್‌ನಲ್ಲಿ ಸ್ಟ್ರಿಂಗ್ ಒತ್ತಿ ಹಿಡಿದು, ಸ್ಟ್ರಿಂಗಿನ ತಳದಿಂದ ಪಿಕಪ್‌ನ ಪೋಲ್ (ಸ್ಟ್ರಿಂಗಿನ ಕೆಳಗಿನ ಲೋಹದ ಕಡ್ಡಿ) ತುದಿಯವರೆಗೆ ಅಳೆಯಿರಿ. ಸಿಂಗಲ್ ಕಾಯಿಲ್ (ಒಂದೇ ತಂತಿಸುರುಳಿಯ ಪಿಕಪ್) ಆದರೆ ದಪ್ಪ ಸ್ಟ್ರಿಂಗಿನ ಬದಿ 2.4 ಮಿ.ಮೀ., ತೆಳು ಸ್ಟ್ರಿಂಗಿನ ಬದಿ 2 ಮಿ.ಮೀ. ಇಟ್ಟು ಶುರುಮಾಡಬಹುದು. ಹಂಬಕರ್ (ಎರಡು ಸುರುಳಿಯದು) ಆದರೆ ಬ್ರಿಜ್ ಬಳಿಯ ಪಿಕಪ್ಪಿಗೆ 1.6, ನೆಕ್ ಬಳಿಯದಕ್ಕೆ 2.4 ಮಿ.ಮೀ. ಪಿಕಪ್ ತೀರಾ ಮೇಲೆದ್ದಿದ್ದರೆ ಅಯಸ್ಕಾಂತ ಸ್ಟ್ರಿಂಗನ್ನೇ ಎಳೆಯುತ್ತದೆ. ಆಗ ಹನ್ನೆರಡನೆಯ ಫ್ರೆಟ್‌ನ ಮೇಲೆ ದಪ್ಪ ಸ್ಟ್ರಿಂಗಿನಲ್ಲಿ ಸ್ವರ ಅಲುಗಾಡಿದಂತೆ, ಒಟ್ಟಿಗೆ ಎರಡು ಸ್ವರ ಬಂದಂತೆ ಕೇಳುತ್ತದೆ, ಎಷ್ಟು ಟ್ಯೂನ್ ಮಾಡಿದರೂ ಸರಿಹೋಗುವುದಿಲ್ಲ. ಪೋಲೇ ಆಲ್ನಿಕೋ (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಸೇರಿದ ಮಿಶ್ರಲೋಹ) ಅಯಸ್ಕಾಂತವಾಗಿರುವ ಸಿಂಗಲ್ ಕಾಯಿಲ್‌ಗಳಲ್ಲಿ ಈ ಕಾಟ ಜಾಸ್ತಿ. ಅರ್ಧ ಮಿಲಿಮೀಟರ್ ಇಳಿಸಿದರೂ ಸದ್ದು ಎಷ್ಟು ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಕೇಳಿಯೇ ನೋಡಬೇಕು.

ಎರಡನೆಯದು ಪಾಟ್, ಅಂದರೆ ವಾಲ್ಯೂಮ್ ಮತ್ತು ಟೋನ್ ನಾಬ್‌ಗಳ ಕೆಳಗಿರುವ ಪೊಟೆನ್ಶಿಯೋಮೀಟರ್. ಸಿಂಗಲ್ ಕಾಯಿಲ್‌ಗೆ 250 ಕಿಲೋ ಓಮ್, ಹಂಬಕರ್‌ಗೆ 500 ಕಿಲೋ ಓಮ್ ಎಂಬುದು ವಾಡಿಕೆ, ಅದಕ್ಕೆ ಕಾರಣವೂ ಇದೆ. ನಾಬ್ ಪೂರ್ತಿ ತಿರುಗಿಸಿಟ್ಟಾಗಲೂ ಪಾಟ್ ಪಿಕಪ್‌ನ ಮೇಲೆ ಹೊರೆಯಾಗಿಯೇ ಇರುತ್ತದೆ. 250ರ ವಾಲ್ಯೂಮ್ ಮತ್ತು 250ರ ಟೋನ್ ಎರಡೂ ಸೇರಿದರೆ ಮೇಲಿನ ಸ್ವರಾಂಶಗಳಿಗೆ ಅದು 125 ಕಿಲೋ ಓಮ್ ಹೊರೆ. 500ರ ಜೋಡಿಯಾದರೆ 250. ಹೊರೆ ಎಷ್ಟು ಕಡಿಮೆ ಓಮ್‌ನದೋ ಸದ್ದಿನ ಹೊಳಪು ಅಷ್ಟು ಕುಗ್ಗುತ್ತದೆ. ಮಂಕಾದ ಹಂಬಕರ್ ಇರುವ ಗಿಟಾರಿನ ಹಿಂಬದಿಯ ಮುಚ್ಚಳ ತೆಗೆದು ಪಾಟ್‌ನ ಮೇಲೆ ಬರೆದದ್ದನ್ನು ಓದಿ. 250 ಎಂದಿದ್ದರೆ ಪಿಕಪ್‌ಗೆ ದುಡ್ಡು ಹಾಕುವ ಮೊದಲು 500ರ ಪಾಟ್ ಹಾಕಿ ಕೇಳಿ. ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ಏಷ್ಯಾದ ಪಾಟ್‌ಗಳಲ್ಲಿ 'ಎ' ಎಂದರೆ ಲಾಗ್ ಬಗೆ, 'ಬಿ' ಎಂದರೆ ಲೀನಿಯರ್. ವಾಲ್ಯೂಮ್‌ಗೂ ಟೋನ್‌ಗೂ 'ಎ' ಹಿತ, ಆದರೆ ಪೂರ್ತಿ ತಿರುಗಿಸಿಟ್ಟಾಗ ಎರಡರ ಸದ್ದೂ ಒಂದೇ.

ಬೆಂಗಳೂರಿನ ಎಸ್.ಪಿ. ರೋಡಿನಂಥ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಲ್ಲಿ 250ರ ಬದಲು 220, 500ರ ಬದಲು 470 ಕಿಲೋ ಓಮ್ ಪಾಟ್ ಕೊಟ್ಟರೆ ತೆಗೆದುಕೊಳ್ಳಿ. ಮಾಮೂಲಿ ಪಾಟ್‌ಗಳೇ ಶೇ. 20ರಷ್ಟು ಆಚೀಚೆ ಇರುತ್ತವೆ, ಹಾಗಾಗಿ ಈ ಅಂತರ ಲೆಕ್ಕಕ್ಕಿಲ್ಲ. ನೋಡಬೇಕಾದದ್ದು ಗಾತ್ರ. ಅಗ್ಗದ ಗಿಟಾರ್‌ಗಳಲ್ಲಿ 16 ಮಿ.ಮೀ. ಅಗಲದ ಚಿಕ್ಕ ಪಾಟ್‌ಗಳಿರುತ್ತವೆ, ಅವುಗಳ ರಂಧ್ರ ಸುಮಾರು 8 ಮಿ.ಮೀ. ಅಮೆರಿಕನ್ ಮಾದರಿಯ ದೊಡ್ಡ ಪಾಟ್‌ಗೆ 9.5 ಮಿ.ಮೀ. ರಂಧ್ರ ಬೇಕು, ದಂಡದ ಹಲ್ಲುಗಳೂ ಬೇರೆ, ಹಳೆಯ ನಾಬ್ ಕೂರುವುದಿಲ್ಲ.

ಗುಂಯ್ ಸದ್ದಿಗೆ ಬೇರೆಯೇ ಪರೀಕ್ಷೆ. ಸ್ಟ್ರಿಂಗ್ ಮುಟ್ಟಿದ ಕೂಡಲೇ ಸದ್ದು ಇಳಿದರೆ ಗಿಟಾರಿನ ಒಳಗಿನ ಗ್ರೌಂಡ್ ಸರಿಯಿದೆ, ಇಲ್ಲದಿರುವುದು ಕವಚ. ಪಿಕಪ್, ಪಾಟ್ ಕೂರುವ ಕುಳಿಯ ಒಳಗೆ ತಾಮ್ರದ ಫಾಯಿಲ್ ಟೇಪ್ ಅಂಟಿಸಿ, ತುಂಡುಗಳು ಒಂದರ ಮೇಲೊಂದು ಬರುವಂತೆ ನೋಡಿಕೊಂಡು, ಗ್ರೌಂಡ್‌ಗೆ ಒಂದು ವೈರು ಎಳೆದರೆ ಬಹಳಷ್ಟು ಅಡಗುತ್ತದೆ. ಮುಟ್ಟಿದಾಗ ಸದ್ದು ಏರಿದರೆ ಬ್ರಿಜ್‌ಗೆ ಹೋಗುವ ಗ್ರೌಂಡ್ ವೈರು ಕಿತ್ತಿರಬಹುದು, ಇಲ್ಲವೇ ಜ್ಯಾಕ್‌ನಲ್ಲಿ ವೈರು ಅದಲುಬದಲಾಗಿರಬಹುದು. ಮನೆಯ ಪ್ಲಗ್ ಪಾಯಿಂಟ್‌ನಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಯಾವ ಪಿಕಪ್ ಹಾಕಿದರೂ ನಿಶ್ಶಬ್ದ ಸಿಗದು. ಮುಟ್ಟಿದಾಗ ಚುಳ್ ಎಂದು ಶಾಕ್ ಹೊಡೆದರೆ ಗಿಟಾರ್ ಬದಿಗಿಟ್ಟು ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಅದು ಜೀವದ ವಿಷಯ.

ಓಮ್ ಹೇಳುವುದು ಎಷ್ಟು, ಹೇಳದಿರುವುದು ಎಷ್ಟು

ಆನ್‌ಲೈನ್‌ನಲ್ಲಿ ಪಿಕಪ್ ಮಾರುವವರೆಲ್ಲ ಒಂದು ಸಂಖ್ಯೆ ಕೊಡುತ್ತಾರೆ: 6ಕೆ, 8ಕೆ, 14ಕೆ. ಅದು ಕಾಯಿಲ್‌ನ ಡಿಸಿ ರೋಧ, ಕಿಲೋ ಓಮ್ ಲೆಕ್ಕದಲ್ಲಿ. ಹೆಚ್ಚು ಕೆ ಎಂದರೆ ಹೆಚ್ಚು ಜೋರು ಎಂದು ತಿಳಿದು ಕೊಳ್ಳುವವರೇ ಬಹಳ, ಮೋಸ ಹೋಗುವುದೂ ಅಲ್ಲೇ. ಪಿಕಪ್‌ಗೆ ಸಾಮಾನ್ಯವಾಗಿ 42 ಗೇಜ್ ತಂತಿ ಸುತ್ತುತ್ತಾರೆ. ಅಷ್ಟೇ ಸುತ್ತನ್ನು ಅದಕ್ಕಿಂತ ತೆಳುವಾದ 43 ಗೇಜ್‌ನಲ್ಲಿ ಹಾಕಿದರೆ ರೋಧ ಸುಮಾರು ಕಾಲುಭಾಗ ಏರುತ್ತದೆ. 8ಕೆ ಇದ್ದದ್ದು 10ಕೆ ಆಯಿತು, ಸುತ್ತು ಮಾತ್ರ ಅಷ್ಟೇ, ಸದ್ದೂ ಹೆಚ್ಚುಕಡಿಮೆ ಅಷ್ಟೇ. ಹವೆಯೂ ಇದನ್ನು ಬದಲಿಸುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶೇ. 0.39ರಷ್ಟು ಏರುವುದರಿಂದ 20 ಡಿಗ್ರಿಯಲ್ಲಿ 8.0 ತೋರಿಸಿದ ಪಿಕಪ್ ರಾಯಚೂರಿನ ಬೇಸಿಗೆಯ 35 ಡಿಗ್ರಿಯ ಕೋಣೆಯಲ್ಲಿ ಸುಮಾರು 8.5 ತೋರಿಸುತ್ತದೆ. ಒಂದೇ ಬಗೆಯ ತಂತಿ, ಒಂದೇ ಬಗೆಯ ಕಟ್ಟೋಣ ಇರುವ ಎರಡು ಪಿಕಪ್‌ಗಳನ್ನು ಹೋಲಿಸುವಾಗ ಮಾತ್ರ ಓಮ್‌ಗೆ ಅರ್ಥವಿದೆ.

ನಿಜವಾಗಿ ಸದ್ದಿನ ಬಣ್ಣ ತೀರ್ಮಾನಿಸುವುದು ಇಂಡಕ್ಟೆನ್ಸ್, ಅದರ ಅಳತೆ ಹೆನ್ರಿ. ಪಿಕಪ್‌ನ ಇಂಡಕ್ಟೆನ್ಸ್, ಕೇಬಲ್‌ನ ಕೆಪ್ಯಾಸಿಟೆನ್ಸ್ ಎರಡೂ ಸೇರಿ ಒಂದು ಫ್ರೀಕ್ವೆನ್ಸಿಯಲ್ಲಿ ಉಬ್ಬು ಉಂಟುಮಾಡುತ್ತವೆ. ಅದರಾಚೆ ಸದ್ದು ವೇಗವಾಗಿ ಕುಸಿಯುತ್ತದೆ. ಆ ಉಬ್ಬು ಎಲ್ಲಿ ಬೀಳುತ್ತದೆ ಅನ್ನುವುದೇ ಪಿಕಪ್‌ನ ಗುಣ. ಕೇಬಲ್ ಮತ್ತು ಪಿಕಪ್ ಎರಡರ ಕೆಪ್ಯಾಸಿಟೆನ್ಸ್ ಸೇರಿ 500 ಪೈಕೋಫ್ಯಾರಡ್ ಎಂದು ಹಿಡಿದು ಲೆಕ್ಕ ಹಾಕಿದರೆ ಹೀಗೆ ಬರುತ್ತದೆ. ಹಳೆಯ ಸ್ಟ್ರಾಟ್ ಬಗೆಯ 2.4 ಹೆನ್ರಿ ಸಿಂಗಲ್ ಕಾಯಿಲ್‌ನ ಉಬ್ಬು ಸುಮಾರು 4,600 ಹರ್ಟ್ಸ್. ಗಂಟೆ ಬಡಿದಂಥ ಚುರುಕು ಸದ್ದು. 4.4 ಹೆನ್ರಿಯ ಹಳೆ ಮಾದರಿ ಹಂಬಕರ್‌ನದು ಸುಮಾರು 3,400. ದುಂಡು, ಆದರೆ ಸ್ಪಷ್ಟ. 8 ಹೆನ್ರಿಯ ಬಲವಾದ ಹಂಬಕರ್‌ನದು ಸುಮಾರು 2,500. ನಡು ಎದ್ದ, ಡಿಸ್ಟಾರ್ಶನ್‌ಗೆ ಹೇಳಿ ಮಾಡಿಸಿದ ಸದ್ದು. ಮಾರುವವರು ಹೆನ್ರಿ ಸಂಖ್ಯೆ ಕೊಟ್ಟಿದ್ದರೆ ಓಮ್ ಬಿಟ್ಟು ಅದನ್ನೇ ನೋಡಿ. ಈ ಲೆಕ್ಕದಲ್ಲಿ ಕೇಬಲ್ ಕೂಡ ಪಾಲುದಾರ. ಒಂದು ಮೀಟರ್ ಕೇಬಲ್‌ಗೆ ಸುಮಾರು 100ರಿಂದ 150 ಪೈಕೋಫ್ಯಾರಡ್ ಇರುತ್ತದೆ. ಆರು ಮೀಟರ್ ಕೇಬಲ್ ಬದಲು ಮೂರು ಮೀಟರ್ ಹಾಕಿದರೆ ಮಂಕು ಪಿಕಪ್ ಕೂಡ ಚೂರು ಕಣ್ಣುಬಿಡುತ್ತದೆ.

ಈಗಿರುವ ಪಿಕಪ್‌ನ ರೋಧ ತಿಳಿಯಲು ಗಿಟಾರ್ ಬಿಚ್ಚಬೇಕಾಗಿಲ್ಲ. ಜ್ಯಾಕ್‌ಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಇಟ್ಟು, ಸ್ವಿಚ್ಚಿನಲ್ಲಿ ಒಂದೇ ಪಿಕಪ್ ಆರಿಸಿ, ಕೇಬಲ್‌ನ ಇನ್ನೊಂದು ಕಡೆಯ ಪ್ಲಗ್ಗಿನ ತುದಿಗೂ ಬುಡಕ್ಕೂ ಮಲ್ಟಿಮೀಟರ್ ಹಿಡಿದರೆ ಸಾಕು. ಪಾಟ್ ಸಮಾನಾಂತರವಾಗಿ ಇರುವುದರಿಂದ 8ಕೆ ಪಿಕಪ್ 250ರ ಪಾಟ್‌ನೊಂದಿಗೆ 7.75 ತೋರಿಸುತ್ತದೆ.

ಅಯಸ್ಕಾಂತದ ಕತೆ

ಸೆರಾಮಿಕ್ ಎಂದರೆ ಕಳಪೆ, ಆಲ್ನಿಕೋ ಎಂದರೆ ಉತ್ತಮ ಎಂಬ ಮಾತು ಅರ್ಧ ಸತ್ಯ. ಬದಲಿ ಪಿಕಪ್‌ಗಳ ವ್ಯಾಪಾರಕ್ಕೆ ದಾರಿ ಮಾಡಿಕೊಟ್ಟ, 1970ರ ದಶಕದ ಡಿಮಾರ್ಜಿಯೋ ಸೂಪರ್ ಡಿಸ್ಟಾರ್ಶನ್‌ನಲ್ಲಿ ಇರುವುದು ಸೆರಾಮಿಕ್ಕೇ. ಅಗ್ಗದ ಸಿಂಗಲ್ ಕಾಯಿಲ್‌ನ ನಿಜವಾದ ವ್ಯತ್ಯಾಸ ಅದನ್ನು ಕಟ್ಟಿದ ರೀತಿಯಲ್ಲಿದೆ. 1954ರ ಸ್ಟ್ರಾಟೊಕ್ಯಾಸ್ಟರ್ ಮಾದರಿಯಲ್ಲಿ ಆರು ಪೋಲ್‌ಗಳೇ ಆಲ್ನಿಕೋ ಅಯಸ್ಕಾಂತಗಳು. ಅಗ್ಗದ ಮಾದರಿಯಲ್ಲಿ ಪೋಲ್‌ಗಳು ಬರೀ ಉಕ್ಕಿನ ಕಡ್ಡಿಗಳು, ಕೆಳಗೆ ಒಂದೆರಡು ಸೆರಾಮಿಕ್ ಪಟ್ಟಿ ಅಂಟಿಸಿರುತ್ತಾರೆ. ಕಾಯಿಲ್‌ನ ನಡುವೆ ಉಕ್ಕು ಇದ್ದರೆ ಅಷ್ಟೇ ಸುತ್ತಿಗೆ ಇಂಡಕ್ಟೆನ್ಸ್ ಏರುತ್ತದೆ, ಉಕ್ಕಿನೊಳಗೆ ಸುಳಿ ವಿದ್ಯುತ್ ಹುಟ್ಟಿ ಮೇಲಿನ ಹೊಳಪನ್ನು ತಿನ್ನುತ್ತದೆ. ಹಾಗಾಗಿ ಇಂಥ ಗಿಟಾರಿಗೆ ಆಲ್ನಿಕೋ ಕಡ್ಡಿಯ ಸೆಟ್ ಹಾಕಿದಾಗ ಆಗುವ ಬದಲಾವಣೆ ಭ್ರಮೆಯಲ್ಲ, ಸ್ಪಷ್ಟವಾಗಿ ಕೇಳುತ್ತದೆ. ಯಮಹಾ ಪೆಸಿಫಿಕಾ 012ರಲ್ಲಿ ಸೆರಾಮಿಕ್, 112ರಲ್ಲಿ ಆಲ್ನಿಕೋ; ಸ್ಕ್ವಾಯರ್ ಅಫಿನಿಟಿಯಲ್ಲಿ ಸೆರಾಮಿಕ್, ಕ್ಲಾಸಿಕ್ ವೈಬ್‌ನಲ್ಲಿ ಆಲ್ನಿಕೋ. ಕಂಪನಿಗಳೇ ಮೇಲಿನ ದರ್ಜೆಗೆ ಹೋದಾಗ ಮಾಡುವ ಬದಲಾವಣೆ ಇದು.

ಹಂಬಕರ್‌ನಲ್ಲಿ ಅಯಸ್ಕಾಂತ ಅಡಿಯಲ್ಲಿರುತ್ತದೆ, ಆಲ್ನಿಕೋ ಆದರೂ ಸೆರಾಮಿಕ್ ಆದರೂ ಕಾಯಿಲ್‌ನ ನಡುವೆ ಉಕ್ಕೇ. ಆದ್ದರಿಂದ ಅಲ್ಲಿ ವ್ಯತ್ಯಾಸ ಸಣ್ಣದು. ಆಲ್ನಿಕೋ 2 ಮೆದು, ಆಲ್ನಿಕೋ 5 ಗಟ್ಟಿ, ಸೆರಾಮಿಕ್ ಇನ್ನೂ ಬಿಗಿ ಎಂದು ಸ್ಥೂಲವಾಗಿ ಹೇಳಬಹುದು. ಮಾರಿದವರು ಹೇಳಿದ್ದು ನಿಜವೇ ಎಂದು ನೋಡಲು ಸುಲಭ ಉಪಾಯವಿದೆ. ಆಲ್ನಿಕೋ ಲೋಹ, ಅದರ ಮೇಲೆ ಮಲ್ಟಿಮೀಟರ್‌ನ ಎರಡು ಕಡ್ಡಿ ಇಟ್ಟರೆ ಬೀಪ್ ಬರುತ್ತದೆ. ಸೆರಾಮಿಕ್ ಕಪ್ಪು ಬೂದು ಬಣ್ಣದ್ದು, ವಿದ್ಯುತ್ ಹರಿಯದು, ಬೀಪ್ ಬಾರದು.

ಲೋಹದ ಮುಚ್ಚಳವೂ ಗಮನಿಸಬೇಕಾದದ್ದು. ತಾಮ್ರ, ನಿಕಲ್, ಸತು ಸೇರಿದ ನಿಕಲ್ ಸಿಲ್ವರ್ ಮುಚ್ಚಳ ಸದ್ದನ್ನು ಹೆಚ್ಚು ತಡೆಯುವುದಿಲ್ಲ. ಅಗ್ಗದ ಹಂಬಕರ್‌ಗಳಿಗೆ ಹಿತ್ತಾಳೆಯ ಮುಚ್ಚಳ ಹಾಕುತ್ತಾರೆ, ಅದು ಮೇಲಿನ ಸ್ವರಾಂಶಗಳನ್ನು ಕಿವಿಗೆ ತಿಳಿಯುವಷ್ಟು ನುಂಗುತ್ತದೆ. ಮುಚ್ಚಳದ ಒಳಬದಿ ಗೀರಿ ನೋಡಿದಾಗ ಹಳದಿ ಕಂಡರೆ ಹಿತ್ತಾಳೆ. ಮುಚ್ಚಳ ಬೇಕೇಬೇಕು ಎಂಬ ಹಟ ಇಲ್ಲದಿದ್ದರೆ, ಅಗ್ಗದ ಹಂಬಕರನ್ನು ಮುಚ್ಚಳವಿಲ್ಲದೆ ಕೊಳ್ಳುವುದೇ ಜಾಣತನ.

ಅಳತೆ ತಪ್ಪಿದರೆ ಎಲ್ಲವೂ ತಪ್ಪಿತು

ದಪ್ಪ ಸ್ಟ್ರಿಂಗಿನ ಪೋಲ್‌ನ ಮಧ್ಯದಿಂದ ತೆಳು ಸ್ಟ್ರಿಂಗಿನ ಪೋಲ್‌ನ ಮಧ್ಯಕ್ಕೆ ಅಳೆಯಿರಿ. ಗಿಬ್ಸನ್ ಮಾದರಿಯ ಹಂಬಕರ್‌ನಲ್ಲಿ ಅದು 49-50 ಮಿ.ಮೀ., ಫೆಂಡರ್ ಮಾದರಿಯ ಬ್ರಿಜ್‌ಗೆ ಮಾಡಿದ್ದರಲ್ಲಿ 52-53. ಸ್ಟ್ರಾಟ್ ಸೆಟ್‌ಗಳಲ್ಲಿ ಮೂರೂ 52 ಇರಬಹುದು, ನೆಕ್‌ನಿಂದ ಬ್ರಿಜ್‌ಗೆ 48, 50, 52 ಎಂದು ಹಿಗ್ಗುತ್ತ ಹೋಗಲೂಬಹುದು. ಒಂದು ಮಿಲಿಮೀಟರ್ ಆಚೀಚೆಯಾದರೆ ಕಿವಿಗೆ ತಿಳಿಯದು. ಆದರೆ ಹಳೆಯ ಪ್ಲಾಸ್ಟಿಕ್ ಮುಚ್ಚಳದ ತೂತುಗಳಿಗೆ ಹೊಸ ಪೋಲ್ ಹೊಂದದಿದ್ದರೆ ಒತ್ತಾಯದಿಂದ ತೂರಿಸಬೇಡಿ. ಹಾಗೆ ತೂರಿಸಿದಾಗ ಕಾಯಿಲ್ ಕಡಿದುಹೋಗಬಹುದು. ಪೋಲ್ ಬದಲು ಉದ್ದನೆಯ ಬ್ಲೇಡ್ ಇರುವ ರೈಲ್ ಪಿಕಪ್‌ಗೆ ಈ ಚಿಂತೆ ಇಲ್ಲ, ಆದರೆ ಅದು ಆಳ ಜಾಸ್ತಿ ಕೇಳುತ್ತದೆ. ಹಂಬಕರ್‌ನ ಬದಿಯ ಕಾಲುಗಳಲ್ಲೂ ಉದ್ದ, ಗಿಡ್ಡ ಎಂದು ಎರಡು ಬಗೆ; ಆಳವಿಲ್ಲದ ಕುಳಿಗೆ ಉದ್ದ ಕಾಲಿನದು ಇಳಿಯುವುದಿಲ್ಲ.

ಪೋಲ್‌ಗಳ ಎತ್ತರದ ಬಗ್ಗೆ ಒಂದು ಮಾತು. ವಿಂಟೇಜ್ ಮಾದರಿಯಲ್ಲಿ ಪೋಲ್‌ಗಳು ಏರುಪೇರಾಗಿರುತ್ತವೆ. ಮೂರನೆಯ ಸ್ಟ್ರಿಂಗಿಗೆ ಮೇಲೆ ತಂತಿ ಸುತ್ತಿರುತ್ತಿದ್ದ, ಫ್ರೆಟ್‌ಬೋರ್ಡ್ ಹೆಚ್ಚು ಬಾಗಿರುತ್ತಿದ್ದ ಕಾಲದ ಅಳತೆ ಅದು. ಇವತ್ತಿನ ಸಾದಾ ಮೂರನೇ ಸ್ಟ್ರಿಂಗ್, ಚಪ್ಪಟೆ ಫ್ರೆಟ್‌ಬೋರ್ಡ್ ಇರುವ ಗಿಟಾರಿನಲ್ಲಿ ಆ ಸ್ಟ್ರಿಂಗೊಂದೇ ಮಿಕ್ಕವನ್ನು ಮೀರಿ ಕೂಗುತ್ತದೆ. ಪೋಲ್‌ಗಳು ಸಮ ಇರುವುದನ್ನೇ ಆರಿಸಿ.

ಏನು ಕೊಳ್ಳುವುದು

ಕ್ಲೀನ್ ಸದ್ದಿಗಾಗಿ ಮೂರು ಸಿಂಗಲ್ ಕಾಯಿಲ್ ಬದಲಿಸುವವರು 42 ಗೇಜ್ ತಂತಿಯ, 5.8ರಿಂದ 6.5ಕೆ ವರೆಗಿನ ಆಲ್ನಿಕೋ 5 ಕಡ್ಡಿಯ ಸೆಟ್ ನೋಡಿ. ನಡುವಿನದು ವಿರುದ್ಧ ದಿಕ್ಕಿನ ಸುತ್ತು, ವಿರುದ್ಧ ಧ್ರುವದ್ದಾಗಿರಲಿ; ಆಗ ಸ್ವಿಚ್ಚಿನ ಎರಡನೇ ಮತ್ತು ನಾಲ್ಕನೇ ಸ್ಥಾನದಲ್ಲಿ ಗುಂಯ್ ಸದ್ದು ತಾನಾಗಿ ಅಡಗುತ್ತದೆ. ಎರಡು ಕಾಯಿಲ್‌ಗಳ ವಿರೋಧದಿಂದ ಸದ್ದು ಅಡಗಿಸುವ ಇದೇ ತತ್ವದ ಮೇಲೆ ಗಿಬ್ಸನ್‌ನ ಸೇತ್ ಲವರ್ 1955ರಲ್ಲಿ ಹಂಬಕರ್ ಪೇಟೆಂಟ್‌ಗೆ ಅರ್ಜಿ ಹಾಕಿದ್ದು, ಮಂಜೂರಾದದ್ದು 1959ರಲ್ಲಿ.

ಬ್ರಿಜ್‌ನಲ್ಲಿ ಹಂಬಕರ್ ಇರುವ ಗಿಟಾರಿನಲ್ಲಿ ರಾಕ್ ನುಡಿಸುವವರು ಪೂರ್ತಿ ಸೆಟ್ ಕೊಳ್ಳಬೇಕಿಲ್ಲ, ಬ್ರಿಜ್ ಒಂದನ್ನೇ ಬದಲಿಸಿ. ಆಲ್ನಿಕೋ 5, 8ರಿಂದ 9ಕೆ ಇರುವುದು ಹಲವು ಬಗೆಯ ಸಂಗೀತಕ್ಕೆ ಒಗ್ಗುತ್ತದೆ. ಬಿಗಿಯಾದ ಮೆಟಲ್ ರಿಫ್‌ಗೆ 13-14ಕೆ ಸೆರಾಮಿಕ್. ನೆಕ್‌ಗೆ ಮಾತ್ರ ಬಲವಾದ ಹಂಬಕರ್ ಬೇಡವೇ ಬೇಡ. ಅಲ್ಲಿ ಸ್ಟ್ರಿಂಗಿನ ಕಂಪನವೇ ದೊಡ್ಡದು, ಮಂದ್ರ ತುಂಬಿ ರಾಡಿಯಾಗುತ್ತದೆ. ಸ್ಟ್ರಾಟ್‌ನ ನೆಕ್‌ಗೆ ಬಲವಾದ ರೈಲ್ ಪಿಕಪ್ ಹಾಕಿ 250ರ ಪಾಟ್ ಉಳಿಸಿಕೊಂಡರೆ ಕಂಬಳಿ ಹೊದಿಸಿದಂತೆ ಕೇಳುತ್ತದೆ. ನೆಕ್ ಹಂಬಕರ್‌ಗೆ ಆಲ್ನಿಕೋ 2, ಏಳೂವರೆ ಕೆ ಆಸುಪಾಸು ಸಾಕು.

ಕೈಗೆಟಕುವ ಹೆಸರುಗಳಲ್ಲಿ ಕೊರಿಯಾದ ಆರ್ಟೆಕ್, ಟ್ರೆವ್ ವಿಲ್ಕಿನ್ಸನ್ ವಿನ್ಯಾಸದ ವಿಲ್ಕಿನ್ಸನ್, ಟೋನ್‌ರೈಡರ್, ಅಮೆರಿಕದ ಜಿಎಫ್‌ಎಸ್, ಬ್ರಿಟನ್ನಿನ ಐರನ್‌ಗಿಯರ್, ಚೀನಾದ ಫ್ಲಿಯೋರ್ ಇವೆ. ಹೊರದೇಶದಿಂದ ತರಿಸುವಾಗ ಕಸ್ಟಮ್ಸ್ ಸುಂಕ, ಕೊರಿಯರ್‌ನವರ ಶುಲ್ಕ ಸೇರಿಸಿ ಲೆಕ್ಕ ಹಾಕಿ. ಅಗ್ಗದ್ದು ಎನಿಸಿದ್ದು ಇಲ್ಲೇ ಸಿಗುವುದಕ್ಕಿಂತ ದುಬಾರಿಯಾದೀತು. ಸೆಮೂರ್ ಡಂಕನ್, ಇಎಂಜಿ ಹೆಸರಿನಲ್ಲಿ ನಂಬಲಾಗದ ಬೆಲೆಗೆ ಬರುವವು ನಕಲಿ, ಅವುಗಳಿಂದ ದೂರವಿರಿ. ಅದೇ ದುಡ್ಡಿಗೆ ತನ್ನ ವಿವರಗಳನ್ನು ತಾನೇ ಬರೆದು ಮಾರುವ ಸಣ್ಣ ಕಂಪನಿಯ ಮಾಲು ಎಷ್ಟೋ ವಾಸಿ.

ಎಲ್ಲಕ್ಕಿಂತ ಲಾಭದ್ದು ಸೆಕೆಂಡ್ ಹ್ಯಾಂಡ್. ಗಿಟಾರ್ ಮೇಲ್ದರ್ಜೆಗೆ ಏರಿಸಿದವರು ಬಿಚ್ಚಿಟ್ಟ ಎಪಿಫೋನ್ ಪ್ರೋಬಕರ್, ಕ್ಲಾಸಿಕ್ ವೈಬ್ ಪಿಕಪ್‌ಗಳು ಸಂಗೀತಗಾರರ ಗುಂಪುಗಳಲ್ಲಿ ಮಾರಾಟಕ್ಕೆ ಬರುತ್ತವೆ. ಪಿಕಪ್ ಸವೆಯುವ ವಸ್ತುವಲ್ಲ. ಮಲ್ಟಿಮೀಟರ್ ಹಿಡಿದಾಗ ಸರಿಯಾದ ಓಮ್ ತೋರಿಸಿ, ವೈರು ಒಂದು ಗೇಣಾದರೂ ಉಳಿದಿದ್ದರೆ ಧೈರ್ಯವಾಗಿ ಕೊಳ್ಳಬಹುದು. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ ಎಂದರ್ಥ.

ವೈರುಗಳ ಬಣ್ಣ ಮತ್ತು ದಿಕ್ಕು

ನಾಲ್ಕು ವೈರಿನ ಹಂಬಕರ್‌ಗೆ ಒಂದೇ ಬಣ್ಣದ ನಿಯಮ ಇಲ್ಲ. ಸೆಮೂರ್ ಡಂಕನ್‌ನಲ್ಲಿ ಕಪ್ಪು ಸಿಗ್ನಲ್, ಕೆಂಪು-ಬಿಳಿ ಒಟ್ಟಿಗೆ ಬೆಸೆದು ಮುಚ್ಚಬೇಕು, ಹಸಿರು ಮತ್ತು ಬೋಳು ವೈರು ಗ್ರೌಂಡ್. ಡಿಮಾರ್ಜಿಯೋದಲ್ಲಿ ಕೆಂಪು ಸಿಗ್ನಲ್, ಕಪ್ಪು-ಬಿಳಿ ಒಟ್ಟಿಗೆ, ಹಸಿರು ಮತ್ತು ಬೋಳು ಗ್ರೌಂಡ್. ಚೀನಾದ ಮಾಲಿನಲ್ಲಿ ಯಾವುದು ಏನು ಎಂದು ಊಹಿಸದೆ ಅಳೆದೇ ತಿಳಿಯಬೇಕು. ಓಮ್ ತೋರಿಸುವ ಎರಡು ವೈರು ಒಂದು ಕಾಯಿಲ್. ಹೀಗೆ ಎರಡು ಜೋಡಿ ಗುರುತಿಸಿ. ಆಮೇಲೆ ಮೀಟರನ್ನು 200 ಮಿಲಿವೋಲ್ಟ್ ಡಿಸಿಗೆ ಇಟ್ಟು ಒಂದು ಜೋಡಿಗೆ ತಗುಲಿಸಿ, ಆ ಕಾಯಿಲ್‌ನ ಪೋಲ್‌ಗೆ ಸ್ಕ್ರೂಡ್ರೈವರ್ ಅಂಟಿಸಿ ತಟ್ಟನೆ ಕಿತ್ತು ನೋಡಿ. ಕಿತ್ತ ಕ್ಷಣ ಸಂಖ್ಯೆ ಧನ ಬಂದರೆ ಮೀಟರ್‌ನ ಕೆಂಪು ಕಡ್ಡಿ ಹಿಡಿದಿರುವ ವೈರಿಗೆ ಪ್ಲಸ್ ಎಂದು ಚೀಟಿ ಅಂಟಿಸಿ, ಋಣ ಬಂದರೆ ಮೈನಸ್. ಮುಳ್ಳಿನ ಹಳೆಯ ಮೀಟರ್ ಇದ್ದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಒಂದು ಕಾಯಿಲ್‌ನ ಮೈನಸ್ ಇನ್ನೊಂದರ ಪ್ಲಸ್‌ಗೆ ಸೇರಿಸಿದರೆ ಹಂಬಕರ್ ಸರಿಯಾಗಿ ನುಡಿಯುತ್ತದೆ.

ಗಿಟಾರಿನಲ್ಲಿ ಉಳಿಸಿಕೊಳ್ಳುವ ಹಳೆಯ ಪಿಕಪ್‌ಗಳಿಗೂ ಇದೇ ಪರೀಕ್ಷೆ ಮಾಡಿ. ಸಿಗ್ನಲ್ ವೈರು ಎಲ್ಲದರಲ್ಲೂ ಒಂದೇ ಚಿಹ್ನೆ ತೋರಬೇಕು. ಇಲ್ಲದಿದ್ದರೆ ಎರಡು ಪಿಕಪ್ ಒಟ್ಟಿಗೆ ಹಾಕಿದಾಗ ಸದ್ದು ಸೊರಗಿ, ಟೆಲಿಫೋನಿನಲ್ಲಿ ಕೇಳಿದಂತಾಗುತ್ತದೆ. ಸರಿಪಡಿಸಲು ಎರಡು ವೈರು ಅದಲುಬದಲು ಮಾಡಿದರೆ ಸಾಕು. ಆದರೆ ಲೋಹದ ಮುಚ್ಚಳಕ್ಕೆ ಸೇರಿದ ಹೆಣೆದ ಕವಚದ ಎರಡೇ ವೈರು ಇರುವ ಹಂಬಕರ್‌ನಲ್ಲಿ ಹಾಗೆ ಮಾಡಬಾರದು, ಮುಚ್ಚಳವೇ ಸಿಗ್ನಲ್‌ಗೆ ಸೇರಿ ಗುಂಯ್‌ಗುಡುತ್ತದೆ. ಅಲ್ಲಿ ಅಡಿಯ ಸ್ಕ್ರೂ ಬಿಚ್ಚಿ, ಅಯಸ್ಕಾಂತವನ್ನು ಹೊರಗೆ ಜಾರಿಸಿ, ಬೋರಲು ಮಾಡಿ ಕೂರಿಸಬೇಕು.

ಬೆಸುಗೆಗೆ ಮೊದಲು ಹಳೆಯ ವೈರಿಂಗ್‌ನ ಫೋಟೋ ತೆಗೆದುಕೊಳ್ಳಿ, ಗಿಟಾರಿನ ಮೇಲೆ ಬಟ್ಟೆ ಹಾಸಿ. ವೈರು ಮತ್ತು ಸ್ವಿಚ್ಚಿಗೆ 25 ವ್ಯಾಟ್ ಐರನ್ ಸಾಕು. ಪಾಟ್‌ನ ಬೆನ್ನಿಗೆ ಅದು ಸಾಲದು, 40ರಿಂದ 60 ವ್ಯಾಟ್ ಬೇಕು. ಸಣ್ಣ ಐರನ್ ಹಿಡಿದು ಅರ್ಧ ನಿಮಿಷ ಒತ್ತಿದರೆ ಪಾಟ್‌ನ ಒಳಗು ಸುಡುತ್ತದೆ, ಬೆಸುಗೆ ಮಾತ್ರ ಕೂರುವುದಿಲ್ಲ. ಪಾಟ್‌ನ ಬೆನ್ನನ್ನು ಉಪ್ಪುಕಾಗದದಿಂದ ಉಜ್ಜಿ, 60/40 ರೋಸಿನ್ ಸೋಲ್ಡರ್‌ನಿಂದ ನಾಲ್ಕೈದು ಸೆಕೆಂಡಿನಲ್ಲಿ ಮುಗಿಸಿ. ಬೆಸುಗೆ ಹೊಳೆಯಬೇಕು, ಕಾಳಿನಂತೆ ಉಂಡೆಗಟ್ಟಿ ಮಂಕಾಗಿದ್ದರೆ ಮತ್ತೆ ಬಿಸಿಮಾಡಿ. ಸ್ಟ್ರಿಂಗ್ ಹಾಕುವ ಮೊದಲೇ ಆಂಪ್‌ಗೆ ಸೇರಿಸಿ, ಪ್ರತಿ ಪೋಲನ್ನು ಸ್ಕ್ರೂಡ್ರೈವರ್‌ನಿಂದ ತಟ್ಟಿ, ಸ್ವಿಚ್ಚಿನ ಎಲ್ಲ ಸ್ಥಾನ ಪರೀಕ್ಷಿಸಿ. ಮುಚ್ಚಿದ ಮೇಲೆ ಸದ್ದು ಪೂರ್ತಿ ನಿಂತುಹೋದರೆ ಹೆಚ್ಚಾಗಿ ಜ್ಯಾಕ್‌ನ ಸಿಗ್ನಲ್ ಕಾಲು ತಾಮ್ರದ ಫಾಯಿಲ್‌ಗೆ ತಗುಲಿರುತ್ತದೆ, ಅಲ್ಲಿ ಇನ್ಸುಲೇಶನ್ ಟೇಪ್ ಹಾಕಿ.

ಗೇನ್ ಏರಿಸಿದಾಗ ಪಿಕಪ್ ಕಿರ್ರೆಂದು ಕಿರುಚಿದರೆ, ಮೇಲೆ ಉಗುರಿನಿಂದ ತಟ್ಟಿದ್ದು ಆಂಪ್‌ನಲ್ಲಿ ಟಕಟಕ ಎಂದು ಜೋರಾಗಿ ಕೇಳಿದರೆ, ಅದಕ್ಕೆ ಮೇಣ ಕುಡಿಸಿಲ್ಲ ಎಂದರ್ಥ. ಎಂಟು ಪಾಲು ಪ್ಯಾರಾಫಿನ್‌ಗೆ ಎರಡು ಪಾಲು ಜೇನುಮೇಣ ಬೆರೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ನೇರ ಉರಿಗೆ ಇಟ್ಟರೆ ಮೇಣ ಹೊತ್ತಿಕೊಳ್ಳುತ್ತದೆ, ಆ ಕೆಲಸ ಬೇಡ. ಥರ್ಮಾಮೀಟರ್ 60ರಿಂದ 65 ಡಿಗ್ರಿ ತೋರಿಸುವಾಗ ಪ್ಲಾಸ್ಟಿಕ್ ಮುಚ್ಚಳ ತೆಗೆದ ಪಿಕಪ್ಪನ್ನು ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೆ ಬಿಡಿ. 70 ದಾಟಿದರೆ ಬಾಬಿನ್ (ತಂತಿ ಸುತ್ತಿರುವ ಪ್ಲಾಸ್ಟಿಕ್ ಚೌಕಟ್ಟು) ಸೊಟ್ಟಗಾಗಬಹುದು. ಹೊರತೆಗೆದ ಮೇಲೆ ಮೇಲಿನ ಮೇಣ ಒರೆಸಿ, ಪೂರ್ತಿ ಆರಿದ ನಂತರವೇ ಕೂರಿಸಿ.